ಸಗಣಿಯ ಲೆಕ್ಕ, ಒಲೆಯ ಲೆಕ್ಕ, ಗಾಳಿಯ ಲೆಕ್ಕ

ದನಕರುಗಳಿಂದ ಭೂಮಿ ಬಿಸಿಯಾಗುತ್ತಿದೆ ಅಂತ ಪಾಠದಲ್ಲಿ ಬಂದ ಕೂಡಲೇ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳುತ್ತದೆ. ಮಕ್ಕಳಿಗೆ ಯಾಕೆ ನಗು ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಆದರೆ ಅವರು ಅಂದುಕೊಂಡ ಹಾಗೆ ಹಸುವಿನ ಮೀಥೇನ್ ಹಿಂದಿನಿಂದ ಹೋಗುವುದು ತೀರಾ ಕಡಿಮೆ. ಬಹುಪಾಲು ಬಾಯಿಂದ ಹೋಗುತ್ತದೆ, ತೇಗಿನ ಜೊತೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ದೊಡ್ಡ ಚೀಲದಲ್ಲಿ ಗಾಳಿ ಆಡುವುದಿಲ್ಲ. ಅಲ್ಲಿ ಹುಲ್ಲು ಕೊಳೆಸುವ ಸೂಕ್ಷ್ಮಜೀವಿಗಳ ದೊಡ್ಡ ಸಂಸಾರವೇ ಇದೆ. ನಮ್ಮಿಂದ ಅರಗಿಸಲಾಗದ ಒಣಹುಲ್ಲು ಹಾಲಾಗುವುದು ಅವುಗಳ ದಯೆಯಿಂದ. ಮೀಥೇನ್ ಹುಟ್ಟುವುದೂ ಅಲ್ಲೇ. ತಿಂದ ಮೇವಿನ ಶಕ್ತಿಯಲ್ಲಿ ನೂರಕ್ಕೆ ಸುಮಾರು ಆರು ಪಾಲು ಹೀಗೆ ಗಾಳಿಗೆ ಹೋಗುತ್ತದೆ.

ಇದಕ್ಕೆ ಪರಿಹಾರವೇನು ಅಂದರೆ ನಮ್ಮಲ್ಲಿ ಎಲ್ಲರಿಗೂ ತಟ್ಟನೆ ನೆನಪಾಗುವುದು ಗೋಬರ್ ಗ್ಯಾಸು. ಗೋಬರ್ ಗ್ಯಾಸ್ ಕಟ್ಟಿಸಿ, ಭೂಮಿ ಉಳಿಸಿ ಅನ್ನುವ ಘೋಷಣೆಯನ್ನು ನೀವೂ ಕೇಳಿರುತ್ತೀರಿ. ಈ ಮಾತಿನ ಬಗ್ಗೆ ನನಗೊಂದು ತಕರಾರಿದೆ. ಗೋಬರ್ ಗ್ಯಾಸ್ ಬೇಡ ಅಂತಲ್ಲ. ಅದು ಹುಟ್ಟಿದ್ದು ಯಾತಕ್ಕೆ, ಎಲ್ಲಿ ಬಾಳಿಕೆ ಬಂತು, ಎಲ್ಲಿ ಹಾಳುಬಿತ್ತು ಅಂತ ನೋಡದೆ ಅದರ ತಲೆಯ ಮೇಲೆ ಹೊಸ ಹೊಸ ಹೊರೆ ಹೊರಿಸುತ್ತಿದ್ದೇವೆ. ಅದರ ಚರಿತ್ರೆ ನೂರು ವರ್ಷಕ್ಕಿಂತ ಹಿಂದಕ್ಕೆ ಹೋಗುತ್ತದೆ. ಆ ನೂರು ವರ್ಷದ ಬಹುಕಾಲ ಭೂಮಿ ಬಿಸಿಯಾಗುವ ಮಾತೇ ಯಾರ ಬಾಯಲ್ಲೂ ಇರಲಿಲ್ಲ.

ಅನಿಲದ ಪರಿಚಯ ಆದದ್ದು ಇಟಲಿಯಲ್ಲಿ. ವಿದ್ಯುತ್ ಅಳತೆಯ ವೋಲ್ಟ್ ಯಾರ ಹೆಸರಿನಲ್ಲಿದೆಯೋ ಆ ಅಲೆಸಾಂಡ್ರೊ ವೋಲ್ಟಾ 1776ರಲ್ಲಿ ಮಾಜೋರೆ ಸರೋವರದ ಅಂಚಿನ ಕೆಸರನ್ನು ಕೋಲಿನಿಂದ ಕದಡಿದ. ಮೇಲೆದ್ದ ಗುಳ್ಳೆಗಳನ್ನು ಹಿಡಿದು ಬೆಂಕಿ ತೋರಿಸಿದ. ಉರಿಯಿತು. ಜವುಗಿನ ಅನಿಲ ಅಂತ ಆಗ ಕರೆಯುತ್ತಿದ್ದುದು ಈಗಿನ ಮೀಥೇನ್.

ನಮ್ಮ ದೇಶದ ಕತೆ ಶುರುವಾಗುವುದು ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಯಧಾಮದಲ್ಲಿ. ಅಲ್ಲಿ ಬಳಸಿದ್ದು ಸಗಣಿಯಲ್ಲ, ಮನುಷ್ಯರ ಮಲ. ಅದನ್ನು ತೊಟ್ಟಿಯಲ್ಲಿ ಕೂಡಿಸಿ, ಬಂದ ಅನಿಲವನ್ನು ಹಿಡಿದು ಕೆಲಸಕ್ಕೆ ಹಚ್ಚಿದರು. ಇದು ನಡೆದದ್ದು 1859ರಲ್ಲಿ ಅಂತ ಎಷ್ಟೋ ಪುಸ್ತಕಗಳಲ್ಲಿ ಒಬ್ಬರನ್ನು ನೋಡಿ ಒಬ್ಬರು ಬರೆದಿದ್ದಾರೆ. ಆದರೆ ಆ ಆಶ್ರಯಧಾಮ ಶುರುವಾದದ್ದೇ 1890ರಲ್ಲಿ. ಆದ್ದರಿಂದ ಇನ್ನು ಕೆಲವರು ಹೇಳುವ 1897 ಅನ್ನುವ ವರ್ಷವೇ ಸರಿಹೊಂದುತ್ತದೆ. ಇಸವಿ ಕೊಡುವ ಮೊದಲು ಕಟ್ಟಡ ಇತ್ತೇ ಅಂತ ನೋಡಿಕೊಳ್ಳಬೇಕು. ಇದನ್ನು ಚರಿತ್ರೆ ಓದುವ ಮಕ್ಕಳಿಗೆ ಉದಾಹರಣೆಯಾಗಿಯೇ ಹೇಳಬಹುದು.

ಸಗಣಿಯ ಸರದಿ ಬಂದದ್ದು 1939ರ ಸುಮಾರಿಗೆ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಎಸ್. ವಿ. ದೇಸಾಯಿ ಎಂಬ ವಿಜ್ಞಾನಿ ಸಗಣಿಯಿಂದ ಅನಿಲ ಪಡೆಯುವ ಪ್ರಯೋಗ ಕೈಗೊಂಡರು. ಆ ಕಾಲದ ಕೃಷಿ ವಿಜ್ಞಾನಿಗಳ ಚಿಂತೆ ಬೇರೆಯೇ ಇತ್ತು. ಹೊಲಕ್ಕೆ ಹೋಗಬೇಕಾದ ಸಗಣಿ ಬೆರಣಿಯಾಗಿ ಒಲೆಯಲ್ಲಿ ಸುಟ್ಟುಹೋಗುತ್ತಿದೆ, ಅದರ ಸಾರಜನಕವೆಲ್ಲ ಹೊಗೆಯಾಗುತ್ತಿದೆ ಅನ್ನುವುದು. ಬೆರಣಿ ತಟ್ಟಬೇಡಿ ಅಂದರೆ ಸಾಕೇ? ಅಡುಗೆಗೆ ಏನು ಮಾಡಬೇಕು? ಸಗಣಿಯಿಂದ ಉರಿಯನ್ನೂ ತೆಗೆದುಕೊಂಡು ಗೊಬ್ಬರವನ್ನೂ ಉಳಿಸಿಕೊಳ್ಳುವ ದಾರಿ ಬೇಕಿತ್ತು. ಮುಚ್ಚಿದ ಗುಂಡಿಯಲ್ಲಿ ಸಗಣಿ ಕೊಳೆತರೆ ಅದರಲ್ಲಿರುವ ಇಂಗಾಲದ ಒಂದು ಪಾಲು ಅನಿಲವಾಗಿ ಹೋಗುತ್ತದೆ, ಸಾರಜನಕ ಬಹುಮಟ್ಟಿಗೆ ಬಗ್ಗಡದಲ್ಲೇ ಉಳಿಯುತ್ತದೆ. ಹಾಗಾಗಿ ಹುಟ್ಟುವಾಗ ಗೋಬರ್ ಗ್ಯಾಸ್ ಒಂದು ಗೊಬ್ಬರದ ಯೋಜನೆ. ಉರಿ ಅದರ ಕೊಸರು.

ಪ್ರಯೋಗಾಲಯದ ವಸ್ತುವನ್ನು ಊರಿನ ಹಿತ್ತಲಿಗೆ ತಂದವರು ಜಶಭಾಯಿ ಪಟೇಲ್. 1951ರಲ್ಲಿ ಅವರು ಮಾಡಿದ ಮಾದರಿಗೆ ‘ಗ್ರಾಮಲಕ್ಷ್ಮಿ’ ಅಂತ ಹೆಸರಿಟ್ಟಿದ್ದರು. ನೆಲದಲ್ಲಿ ಬಾವಿಯಂಥ ಗುಂಡಿ, ಅದರ ಮೇಲೆ ಬೋರಲು ಹಾಕಿದ ಕಬ್ಬಿಣದ ಡ್ರಮ್ಮು. ಅನಿಲ ತುಂಬಿದಂತೆ ಡ್ರಮ್ಮು ಮೇಲೇಳುತ್ತದೆ, ಒಲೆ ಉರಿದಂತೆ ಕೆಳಗಿಳಿಯುತ್ತದೆ. ಎಷ್ಟು ಗ್ಯಾಸಿದೆ ಅಂತ ಅಡುಗೆಮನೆಯ ಕಿಟಕಿಯಿಂದಲೇ ನೋಡಿ ಹೇಳಬಹುದು. ಅರವತ್ತರ ದಶಕದ ಆರಂಭದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಈ ಮಾದರಿಯನ್ನು ಕೈಗೆತ್ತಿಕೊಂಡಿತು. ನಮ್ಮ ಹಿರಿಯರು ‘ಖಾದಿ ಗ್ಯಾಸು’ ಅನ್ನುತ್ತಿದ್ದರೆ ಅದಕ್ಕೆ ಇದೇ ಕಾರಣ.

ಅದರ ತೊಂದರೆ ಡ್ರಮ್ಮಿನಲ್ಲೇ ಇತ್ತು. ಇಡೀ ಖರ್ಚಿನಲ್ಲಿ ದೊಡ್ಡ ಪಾಲು ಆ ಕಬ್ಬಿಣಕ್ಕೇ ಹೋಗುತ್ತಿತ್ತು. ವರ್ಷಕ್ಕೊಮ್ಮೆ ಬಣ್ಣ ಹೊಡೆಯದಿದ್ದರೆ ತುಕ್ಕು. ಜೊತೆಗೆ ಇನ್ನೊಂದು ಲೆಕ್ಕ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಹಸಿ ಸಗಣಿ ಬೇಕು. ಐದು ಜನರ ಮನೆಯ ಅಡುಗೆಗೆ ದಿನಕ್ಕೆ ಎರಡು ಘನ ಮೀಟರ್. ಅಂದರೆ 50 ಕಿಲೋ ಸಗಣಿ. ನಮ್ಮ ನಾಟಿ ದನ ದಿನಕ್ಕೆ ಹತ್ತು ಕಿಲೋ ಹಾಕಿದರೆ ಹೆಚ್ಚು, ಅದರಲ್ಲೂ ಮೇಯಲು ಹೋದಾಗ ಬಿದ್ದದ್ದು ಗುಂಡಿಗೆ ಬರುವುದಿಲ್ಲ. ಹಾಗಾಗಿ ನಾಲ್ಕೈದು ದನ, ಹಿತ್ತಲಲ್ಲಿ ಜಾಗ, ಕೈಯಲ್ಲಿ ಹಣ ಮೂರೂ ಇದ್ದವರ ಮನೆಗೆ ಮಾತ್ರ ಗ್ರಾಮಲಕ್ಷ್ಮಿ ಬಂದಳು. ಇನ್ನೂ ಒಂದು ಮಾತಿದೆ. ಅಲ್ಲಿಯವರೆಗೆ ಬೀದಿಯಲ್ಲಿ ಬಿದ್ದ ಸಗಣಿಗೆ ಒಡೆಯರಿರಲಿಲ್ಲ. ದನವಿಲ್ಲದ ಮನೆಯ ಹೆಂಗಸರು ಅದನ್ನು ಬುಟ್ಟಿಯಲ್ಲಿ ಆರಿಸಿಕೊಂಡು ಬೆರಣಿ ತಟ್ಟಿಕೊಳ್ಳುತ್ತಿದ್ದರು. ಸಗಣಿಗೆ ಬೆಲೆ ಬಂದ ಮೇಲೆ ಆ ಬುಟ್ಟಿಗೆ ಏನಾಗುತ್ತದೆ ಅನ್ನುವ ಪ್ರಶ್ನೆಯನ್ನು ಎಪ್ಪತ್ತರ ದಶಕದಲ್ಲೇ ಹಲವರು ಎತ್ತಿದ್ದರು.

1973ರಲ್ಲಿ ಅರಬ್ ದೇಶಗಳ ಎಣ್ಣೆ ಬೆಲೆ ಏರಿತು. ಆಮೇಲೆ ಸರ್ಕಾರಕ್ಕೂ ವಿಜ್ಞಾನಿಗಳಿಗೂ ಸಗಣಿಯ ಮೇಲೆ ಹೊಸ ಪ್ರೀತಿ ಹುಟ್ಟಿತು. ಗೊಬ್ಬರದ ಯೋಜನೆ ಹೋಗಿ ಇಂಧನದ ಯೋಜನೆ ಆಯಿತು ಅನ್ನಿ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಅನ್ನುತ್ತಾರಲ್ಲ ಅಲ್ಲಿ, ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ವಿಜ್ಞಾನವನ್ನು ಹಳ್ಳಿಗೆ ಒಯ್ಯಬೇಕು ಅನ್ನುವುದು ಅದರ ಉದ್ದೇಶ. ಅದರ ಹಿಂದಿದ್ದವರು ಅಮೂಲ್ಯ ರೆಡ್ಡಿ. ಅವರ ತಂಡ ಕುಣಿಗಲ್ ತಾಲೂಕಿನ ಉಂಗ್ರ ಎಂಬಲ್ಲಿ ಕೇಂದ್ರ ಮಾಡಿಕೊಂಡು ಸುತ್ತಲಿನ ಹಳ್ಳಿಗಳಲ್ಲಿ ಕೆಲಸ ಮಾಡಿತು. ಅದರಲ್ಲಿ ಪುರ ಎಂಬ ಸಣ್ಣ ಊರಿನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗೋಬರ್ ಗ್ಯಾಸಿನ ಬಗ್ಗೆ ನಮಗೆ ಗೊತ್ತಿರಬೇಕಾದ್ದು ಹೆಚ್ಚುಕಡಿಮೆ ಎಲ್ಲವೂ ಆ ಒಂದು ಊರಲ್ಲಿ ಸಿಗುತ್ತದೆ.

ತಂಡದವರು ಮೊದಲು ಮಾಡಿದ್ದು ಎಣಿಕೆ. ಊರು ಯಾವ ಕೆಲಸಕ್ಕೆ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮೈಮುರಿತ ಖರ್ಚು ಮಾಡುತ್ತದೆ ಅಂತ ಮನೆಮನೆ ಸುತ್ತಿ ಬರೆದುಕೊಂಡರು. ಸೌದೆ ತರಲು ಒಂದು ಮನೆಗೆ ದಿನಕ್ಕೆ ಸರಾಸರಿ ಎರಡೂವರೆ ಗಂಟೆ, ಐದು ಕಿಲೋಮೀಟರಿನಷ್ಟು ನಡಿಗೆ ಅಂತ ಲೆಕ್ಕ ಸಿಕ್ಕಿತು. ಊರಿನ ಇಂಧನದಲ್ಲಿ ಸಿಂಹಪಾಲು ಸೌದೆಯದೇ, ಸೌದೆಯಲ್ಲಿ ಸಿಂಹಪಾಲು ಅಡುಗೆಯದೇ. ಹೀಗಿರುವಾಗ ವಿಜ್ಞಾನಿಗಳಿಗೆ ಏನು ತೋಚಬೇಕೋ ಅದೇ ತೋಚಿತು. ಊರಿನ ಸಗಣಿಯೆಲ್ಲ ಒಂದೆಡೆ ಕೂಡಿಸಿ, ದೊಡ್ಡ ಸ್ಥಾವರ ಕಟ್ಟಿ, ಎಲ್ಲರ ಅಡುಗೆಮನೆಗೂ ಗ್ಯಾಸ್ ಕೊಡೋಣ.

ಎಂಬತ್ತರ ದಶಕದ ಮೊದಲ ಭಾಗದ ಆ ಪ್ರಯತ್ನ ನಿಲ್ಲಲಿಲ್ಲ. ಎಲ್ಲ ಮನೆಯ ಪೂರ್ತಿ ಅಡುಗೆಗೆ ಆಗುವಷ್ಟು ಸಗಣಿ ಊರಲ್ಲಿ ಇರಲಿಲ್ಲ. ಅರ್ಧ ಅಡುಗೆಗೆ ಗ್ಯಾಸು, ಇನ್ನರ್ಧಕ್ಕೆ ಮತ್ತೆ ಸೌದೆ ಅಂದರೆ ಯಾವ ಹೆಂಗಸು ದಿನಾ ಸಗಣಿ ಹೊತ್ತು ತಂದು ಕೊಟ್ಟಾಳು? ಸಗಣಿ ಬರುವುದು ಕಡಿಮೆಯಾಯಿತು, ಗ್ಯಾಸು ಇನ್ನೂ ಕಡಿಮೆಯಾಯಿತು, ಕೆಲಸ ನಿಂತಿತು. ಊರಿನವರ ಮೊದಲ ಬೇಡಿಕೆ ಅಡುಗೆ ಗ್ಯಾಸ್ ಆಗಿರಲೇ ಇಲ್ಲ. ಅವರಿಗೆ ಬೇಕಿದ್ದುದು ಕುಡಿಯುವ ನೀರು. ಆಮೇಲೆ ಬೆಳಕು.

1987ರಲ್ಲಿ ಮತ್ತೆ ಶುರುವಾದಾಗ ಯೋಜನೆಯೇ ತಿರುವುಮುರುವಾಗಿತ್ತು. ಗ್ಯಾಸನ್ನು ಒಲೆಗೆ ಕೊಡುವ ಬದಲು ಸುಮಾರು 5 ಕಿಲೋವಾಟಿನ ಡೀಸೆಲ್ ಎಂಜಿನ್ನಿಗೆ ಕೊಟ್ಟರು. ಸ್ವಲ್ಪ ಡೀಸೆಲ್, ಹೆಚ್ಚು ಗ್ಯಾಸ್. ಅದರಿಂದ ಬಂದ ಕರೆಂಟಿನಲ್ಲಿ ಕೊಳವೆಬಾವಿಯ ನೀರೆತ್ತಿ ಬೀದಿ ನಲ್ಲಿಗಳಿಗೆ ಬಿಟ್ಟರು, ಸಂಜೆ ಮನೆಗಳಿಗೆ ದೀಪ ಕೊಟ್ಟರು. ಊರಲ್ಲಿ ಆಗ ಇದ್ದವರು ನಾನೂರೈವತ್ತು ಚಿಲ್ಲರೆ ಜನ, ಇನ್ನೂರೈವತ್ತರ ಹತ್ತಿರ ದನಗಳು. ಅಡುಗೆಗೆ ಸಾಲದ ಸಗಣಿ ನೀರಿಗೂ ಬೆಳಕಿಗೂ ಧಾರಾಳವಾಗಿ ಸಾಕಾಯಿತು. ಸಗಣಿ ತಂದುಕೊಟ್ಟವರಿಗೆ ಕಿಲೋಗೆ 2 ಪೈಸೆ. ಅದಕ್ಕಿಂತ ಮುಖ್ಯವಾಗಿ, ಕೊಟ್ಟ ಸಗಣಿಗೆ ತಕ್ಕಷ್ಟು ಕೊಳೆತ ಗೊಬ್ಬರ ವಾಪಸ್ಸು. ಬುಟ್ಟಿ ಹೊತ್ತು ತರುತ್ತಿದ್ದವರು ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು.

ಈ ಏರ್ಪಾಡಿನಲ್ಲಿ ಒಂದು ಜಾಣತನವಿತ್ತು, ರೆಡ್ಡಿಯವರು ಅದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಒಬ್ಬರು ಸಗಣಿ ಕೊಡದಿದ್ದರೆ ಪಕ್ಕದ ಮನೆಗೆ ಮಾತ್ರ ತೊಂದರೆಯಲ್ಲ, ಸಂಜೆ ತಮ್ಮ ಮನೆಯ ದೀಪವೂ ಇಲ್ಲ, ಬೆಳಿಗ್ಗೆ ನಲ್ಲಿಯಲ್ಲಿ ನೀರೂ ಇಲ್ಲ. ಎಲ್ಲರ ಸ್ವಾರ್ಥವೂ ಒಂದೇ ಗುಂಡಿಗೆ ಕಟ್ಟುಬಿದ್ದಿತ್ತು. ಹತ್ತು ವರ್ಷದ ಹತ್ತಿರ ಅದು ನಡೆಯಿತು. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಿಂತುಹೋಗಿತ್ತು. ಒಂದು ಹಳ್ಳಿ ತನ್ನ ಕರೆಂಟನ್ನು ತಾನೇ ತಯಾರಿಸಿ ಹತ್ತು ವರ್ಷ ನಡೆಸಿದ್ದನ್ನು ಸೋಲು ಅಂತ ಬರೆಯುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಪುರ ಒಂದೇ ಊರು. ದೇಶದ ಉಳಿದ ಕಡೆ ನಡೆದದ್ದು ಮನೆಮನೆಯ ಗುಂಡಿಗಳ ಕಾರ್ಯಕ್ರಮ. ಕಬ್ಬಿಣದ ಡ್ರಮ್ಮಿನ ಬದಲು ಇಟ್ಟಿಗೆಯ ಗುಮ್ಮಟ ಕಟ್ಟುವ ‘ಜನತಾ’ ಮಾದರಿ 1978ರಲ್ಲಿ ಉತ್ತರ ಪ್ರದೇಶದ ಇಟಾವಾ ಕಡೆಯ ಅಜಿತ್‌ಮಲ್ ಕೇಂದ್ರದಿಂದ ಬಂತು. ಅದರ ಮೂಲ ಚೀನಾದ್ದು. 1984ರಲ್ಲಿ ಇನ್ನೂ ಅಗ್ಗದ ‘ದೀನಬಂಧು’ ಬಂತು. ಇದರಲ್ಲಿ ಎಲ್ಲವೂ ನೆಲದೊಳಗೆ. ತುಕ್ಕಿನ ಮಾತಿಲ್ಲ. ಆದರೆ ಗುಮ್ಮಟಕ್ಕೆ ಸಾಮಾನ್ಯ ಗಾರೆ ಕೆಲಸ ಸಾಲದು. ಸಣ್ಣ ಬಿರುಕು ಬಿಟ್ಟರೂ ಅನಿಲ ಸೋರುತ್ತದೆ, ಮತ್ತು ಅದು ಕಣ್ಣಿಗೆ ಕಾಣುವುದಿಲ್ಲ. ಡ್ರಮ್ಮಾದರೆ ಏಳದೆ ಮಲಗಿದ್ದಾಗ ಏನೋ ಕೆಟ್ಟಿದೆ ಅಂತ ಮಕ್ಕಳಿಗೂ ಗೊತ್ತಾಗುತ್ತಿತ್ತು.

1981–82ರಲ್ಲಿ ರಾಷ್ಟ್ರೀಯ ಯೋಜನೆ ಶುರುವಾಯಿತು. ಸಬ್ಸಿಡಿ ಬಂತು. ಸಬ್ಸಿಡಿ ಜೊತೆ ಗುರಿ ಬಂತು. ಈ ಜಿಲ್ಲೆಗೆ ಈ ವರ್ಷ ಇಷ್ಟು ಅನ್ನುವ ಗುರಿ. ಸರ್ಕಾರಿ ಲೆಕ್ಕದಲ್ಲಿ ಇದುವರೆಗೆ ದೇಶದಲ್ಲಿ ಕಟ್ಟಿಸಿದ್ದು 50 ಲಕ್ಷದ ಹತ್ತಿರ. ಕಟ್ಟಿಸಿದ್ದು ಅನ್ನುವ ಪದವನ್ನು ಗಮನಿಸಿ. ಉರಿಯುತ್ತಿರುವುದು ಅಂತಲ್ಲ. ಒಮ್ಮೆ ಲೆಕ್ಕಕ್ಕೆ ಸೇರಿದ ಗುಂಡಿ ಹಾಳುಬಿದ್ದರೂ ಲೆಕ್ಕದಿಂದ ಇಳಿಯುವುದಿಲ್ಲ. ನಮ್ಮ ಕಡೆಯ ಹಳ್ಳಿಗಳ ಹಿತ್ತಲುಗಳಲ್ಲಿ ಬೇಲಿ ಬೆಳೆದ, ಕಸ ತುಂಬಿದ ಇಂಥ ತೊಟ್ಟಿಗಳನ್ನು ಯಾರು ಬೇಕಾದರೂ ನೋಡಬಹುದು.

ಇದಕ್ಕೆ ಒಂದು ಅಪವಾದ ಇದೆ. ಉತ್ತರ ಕನ್ನಡದ ಶಿರಸಿ ಸೀಮೆ. ಅಲ್ಲಿ ಕಟ್ಟಿಸಿದ ಗುಂಡಿಗಳು ಹೆಚ್ಚುಕಡಿಮೆ ಎಲ್ಲವೂ ಕೆಲಸ ಮಾಡುತ್ತಿದ್ದವು ಅಂತ ವಿಜ್ಞಾನ ಸಂಸ್ಥೆಯವರು 2001ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಕಾರಣ ಹುಡುಕಿದರೆ ದೊಡ್ಡ ರಹಸ್ಯವೇನಿಲ್ಲ. ಅಡಿಕೆ ತೋಟಕ್ಕೆ ಗೊಬ್ಬರ ಬೇಕೇ ಬೇಕು. ಕೊಟ್ಟಿಗೆ ಮನೆಗೆ ಅಂಟಿಕೊಂಡಿದೆ. ನೀರಿಗೆ ಬರವಿಲ್ಲ. ಗುಂಡಿ ಕಟ್ಟುವವರು ಊರಿನವರೇ, ತಮ್ಮತಮ್ಮಲ್ಲೇ ಪೈಪೋಟಿ. ಕೆಟ್ಟರೆ ಬಂದು ಸರಿಮಾಡಿ ಕೊಡಲೇಬೇಕು, ಇಲ್ಲದಿದ್ದರೆ ಮುಂದಿನ ಗಿರಾಕಿ ಬೇರೆಯವರ ಹತ್ತಿರ ಹೋಗುತ್ತಾನೆ. ಕಟ್ಟಿಸಿದವರಿಗೆ ದಿನಾ ಕೈಗೆ ಸಿಗುವ ಲಾಭವಿತ್ತು, ಕಟ್ಟಿದವರಿಗೆ ಹೆಸರು ಕೆಡುವ ಭಯವಿತ್ತು.

ಇನ್ನು ಹವಾಮಾನದ ಮಾತು ಈ ಕತೆಯೊಳಗೆ ಬಂದ ಬಗೆ. ಪುರದ ಎಂಜಿನ್ ಶುರುವಾದ ಮರುವರ್ಷ, 1988ರಲ್ಲಿ, ವಿಶ್ವಸಂಸ್ಥೆಯ ಆಸರೆಯಲ್ಲಿ ಹವಾಮಾನ ಬದಲಾವಣೆಯ ಅಂತರ ಸರ್ಕಾರಿ ಸಮಿತಿ ಹುಟ್ಟಿತು. 1997ರಲ್ಲಿ ಜಪಾನಿನ ಕ್ಯೋಟೊದಲ್ಲಿ ಒಪ್ಪಂದವಾಯಿತು. ಅದರಲ್ಲಿ ಒಂದು ವಿಚಿತ್ರ ವ್ಯಾಪಾರಕ್ಕೆ ದಾರಿ ತೆರೆಯಿತು. ಶ್ರೀಮಂತ ದೇಶದವರು ತಮ್ಮ ಹೊಗೆ ಕಡಿಮೆ ಮಾಡುವ ಬದಲು, ಬಡ ದೇಶದವರು ಕಡಿಮೆ ಮಾಡಿದ ಹೊಗೆಯನ್ನು ಟನ್ ಲೆಕ್ಕದಲ್ಲಿ ಕೊಂಡುಕೊಳ್ಳಬಹುದು.

ಈ ವ್ಯಾಪಾರ ನಮ್ಮ ಮಗ್ಗುಲಿಗೇ ಬಂತು. ನಮ್ಮ ಮಡಕಶಿರಾದಿಂದ ಹಿಂದೂಪುರ ದಾಟಿ ಪೂರ್ವಕ್ಕೆ ಹೋದರೆ ಬೆಂಗಳೂರು ಹೆದ್ದಾರಿಯ ಮೇಲೆ ಸಿಗುವುದು ಬಾಗೇಪಲ್ಲಿ. ಬಾಗೇಪಲ್ಲಿ ಕರ್ನಾಟಕದಲ್ಲಿದೆ, ಮಾತು ಹೆಚ್ಚಾಗಿ ತೆಲುಗು. ಮಡಕಶಿರಾ ಆಂಧ್ರದಲ್ಲಿದೆ, ನಾವು ಕನ್ನಡದವರು. ಬರ ಮಾತ್ರ ಎರಡೂ ಕಡೆ ಒಂದೇ. ಅಲ್ಲಿನ ಕೂಲಿ ಸಂಘ ಮತ್ತು ‘ಅಡಾಟ್ಸ್’ ಎಂಬ ಸಂಸ್ಥೆ ಸೇರಿ ಸಣ್ಣ ರೈತರ, ಕೂಲಿಯವರ ಮನೆಗಳಿಗೆ ಎರಡು ಘನ ಮೀಟರಿನ 5,500 ಗೋಬರ್ ಗ್ಯಾಸ್ ಗುಂಡಿ ಕಟ್ಟುವ ಯೋಜನೆ ಮಾಡಿದವು. 2005ರ ಡಿಸೆಂಬರಿನಲ್ಲಿ ಅದು ಕ್ಯೋಟೊ ಒಪ್ಪಂದದ ಏರ್ಪಾಡಿನಲ್ಲಿ ನೋಂದಣಿಯಾಯಿತು. ಬಾಗೇಪಲ್ಲಿಯ ಹಿತ್ತಲಿನ ಸಗಣಿಯ ಲೆಕ್ಕ ಜರ್ಮನಿಯ ಬಾನ್ ನಗರದ ಕಡತಕ್ಕೆ ಸೇರಿತು.

ಕಷ್ಟ ಇದ್ದದ್ದು ಹಣದ ದಾರಿಯಲ್ಲಿ. ಗುಂಡಿ ಕಟ್ಟಿ, ಒಲೆ ಉರಿಸಿ, ಯಾರೋ ಬಂದು ತಪಾಸಣೆ ಮಾಡಿದ ಮೇಲಷ್ಟೇ ಮಾರಲು ಟನ್ನುಗಳು ಹುಟ್ಟುತ್ತವೆ. ಗುಂಡಿ ಕಟ್ಟಲು ಹಣ ಮೊದಲೇ ಬೇಕು. ಮುಂದೆ ಸಿಗುವ ಟನ್ನುಗಳನ್ನು ಇವತ್ತೇ ಮುಂಗಡಕ್ಕೆ ಮಾರಿಯೇ ಕೆಲಸ ನಡೆಯಬೇಕು. ಬೆಲೆಯೂ ಸ್ಥಿರವಲ್ಲ. 2008ರಲ್ಲಿ ಟನ್ನಿಗೆ 20 ಯೂರೋ ಮುಟ್ಟಿದ್ದ ಈ ಪ್ರಮಾಣಪತ್ರಗಳ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ಕಡಲೆಕಾಯಿ ಬೆಲೆ ಬಿದ್ದದ್ದು ನೋಡಿದ ನಮ್ಮ ರೈತರಿಗೆ ಇದು ಹೊಸದೇನಲ್ಲ.

ಬಾಗೇಪಲ್ಲಿಯ ಕಡತದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ್ದು ಇನ್ನೊಂದು ಸಂಗತಿ. ಅಲ್ಲಿ ಒಂದು ಮನೆಗೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಉಳಿತಾಯ ಅಂತ ಅಂದಾಜಿಸಿದ್ದರು. ಆ ಮೂರೂವರೆ ಟನ್ ಎಲ್ಲಿಂದ ಬಂತು? ದನದಿಂದಲ್ಲ. ಉಳಿದ ಸೀಮೆಎಣ್ಣೆಯಿಂದ, ಉಳಿದ ಸೌದೆಯಿಂದ. ಪಶುಸಂಗೋಪನೆಯ ಅನಿಲವನ್ನು ಕಡಿಮೆ ಮಾಡಿದ್ದಲ್ಲ, ಒಲೆಯ ಹೊಗೆಯನ್ನು ಕಡಿಮೆ ಮಾಡಿದ್ದು.

ಇಲ್ಲಿ ಸ್ವಲ್ಪ ಗಣಿತ ಮಾಡೋಣ, ಏಳನೇ ತರಗತಿಯ ಗಣಿತ ಸಾಕು. ಅಂತರ ಸರ್ಕಾರಿ ಸಮಿತಿ 2006ರಲ್ಲಿ ಕೊಟ್ಟ ಅಂಕಿಗಳ ಪ್ರಕಾರ ನಮ್ಮ ಉಪಖಂಡದ ಒಂದು ಹಾಲಿನ ಹಸು ವರ್ಷಕ್ಕೆ ತೇಗಿನಲ್ಲಿ ಬಿಡುವ ಮೀಥೇನ್ 58 ಕಿಲೋ, ಎಮ್ಮೆ 55, ಉಳಿದ ದನ 27. ಅದೇ ಹಾಲಿನ ಹಸುವಿನ ಸಗಣಿಯಿಂದ ಬರುವುದು 5–6 ಕಿಲೋ, ಉಳಿದ ದನದ ಸಗಣಿಯಿಂದ 2. 2019ರಲ್ಲಿ ಈ ಅಂಕಿಗಳನ್ನು ತಿದ್ದಿ ತೇಗಿನ ಲೆಕ್ಕವನ್ನು ಏರಿಸಿದ್ದಾರೆ, ಆದರೆ ಬಾಯಿಗೂ ಸಗಣಿಗೂ ಇರುವ ಅಂತರ ದೊಡ್ಡದಾಗಿಯೇ ಉಳಿದಿದೆ. ಸಗಣಿಯಿಂದ ಇಷ್ಟು ಕಡಿಮೆ ಯಾಕೆ? ನಮ್ಮ ಸಗಣಿ ಒಣಗುತ್ತದೆ, ತಿಪ್ಪೆಯಲ್ಲಿ ಗಾಳಿ ಆಡುತ್ತದೆ. ಗಾಳಿ ಆಡುವ ಕಡೆ ಮೀಥೇನ್ ಮಾಡುವ ಜೀವಿಗಳು ಬದುಕುವುದಿಲ್ಲ. ಅಮೆರಿಕದ ದೊಡ್ಡ ಡೈರಿಗಳಲ್ಲಿ ಹಾಗಲ್ಲ. ಅಲ್ಲಿ ಸಾವಿರಾರು ಹಸುಗಳ ಸಗಣಿಯನ್ನು ನೀರು ಹೊಡೆದು ಕೆರೆಯಂಥ ಹೊಂಡಕ್ಕೆ ಬಿಡುತ್ತಾರೆ. ಆ ಹೊಂಡ ಹಗಲೂ ರಾತ್ರಿ ಮೀಥೇನ್ ಉಗುಳುತ್ತದೆ. ಅದಕ್ಕೆ ಮುಚ್ಚಳ ಹಾಕಿ ಅನಿಲ ಹಿಡಿದರೆ ನಿಜವಾಗಿಯೂ ಪಶುಸಂಗೋಪನೆಯ ಅನಿಲವೇ ಕಡಿಮೆಯಾಗುತ್ತದೆ.

ಈಗ ಎರಡು ಹಾಲಿನ ಹಸು, ಮೂರು ಬೇರೆ ದನ ಇರುವ ನಮ್ಮ ಕಡೆಯ ಮನೆ ತೆಗೆದುಕೊಳ್ಳಿ. ಐದರ ಸಗಣಿಯನ್ನೂ ತಿಪ್ಪೆಗೆ ಹಾಕಿದರೆ ವರ್ಷಕ್ಕೆ ಹದಿನಾರು ಹದಿನೆಂಟು ಕಿಲೋ ಮೀಥೇನ್. ಅದೇ ಸಗಣಿಯನ್ನು ಎರಡು ಘನ ಮೀಟರಿನ ಗುಂಡಿಗೆ ಹಾಕಿದರೆ, ದಿನಕ್ಕೆ ಸುಮಾರು 0.8 ಕಿಲೋ, ವರ್ಷಕ್ಕೆ ಸುಮಾರು 300 ಕಿಲೋ ಮೀಥೇನನ್ನು ನಾವೇ ತಯಾರಿಸುತ್ತೇವೆ! ಪೂರ್ತಿ ಉರಿಸಿದರೆ ಚಿಂತೆಯಿಲ್ಲ, ಹುಲ್ಲಿನಿಂದ ಬಂದ ಇಂಗಾಲ ಗಾಳಿಗೆ ವಾಪಸ್ಸು ಹೋಯಿತು ಅಷ್ಟೇ. ಹತ್ತರಲ್ಲಿ ಒಂದು ಪಾಲು ಸೋರಿದರೆ 30 ಕಿಲೋ. ಅಂದರೆ ತಿಪ್ಪೆಯಿಂದ ಬರುತ್ತಿದ್ದುದಕ್ಕಿಂತ ಹೆಚ್ಚು. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯುತ್ತದೆ, ಹಾಗಾಗಿ ಈ ಸೋರಿಕೆಯೇ 840 ಕಿಲೋಗೆ ಸಮ. ಮೂರೂವರೆ ಟನ್ನಿನ ಉಳಿತಾಯದಲ್ಲಿ ಕಾಲುಭಾಗ ಹೋಯಿತು. ಇನ್ನು ಸಿಲಿಂಡರ್ ಬಂದ ಮೇಲೂ ಅಭ್ಯಾಸಬಲದಿಂದ ಗುಂಡಿಗೆ ಸಗಣಿ ಹಾಕುತ್ತಾ, ಗ್ಯಾಸನ್ನು ಮಾತ್ರ ಉರಿಸದೆ ಬಿಡುವ ಮನೆಗಳಿವೆ. ಅಲ್ಲಿ ಲಾಭದ ಮಾತೇ ಇಲ್ಲ, ಹುಟ್ಟಿದ ಅನಿಲವೆಲ್ಲ ನೇರ ಆಕಾಶಕ್ಕೆ. ಆ ಐದೂ ದನಗಳ ತೇಗನ್ನು 28ರಿಂದ ಗುಣಿಸಿ ನೋಡಿ. ಐದೂವರೆ ಟನ್ ಬರುತ್ತದೆ. ಗೋಬರ್ ಗ್ಯಾಸಿನ ಗುಂಡಿ ಎಷ್ಟೇ ಚೆನ್ನಾಗಿದ್ದರೂ ಇದರ ಒಂದು ಕಿಲೋವನ್ನೂ ಮುಟ್ಟಲಾರದು.

ತೇಗಿನ ಕಡೆ ಕೆಲಸ ನಡೆದಿಲ್ಲ ಅಂತಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿರುವ ಪಶು ಪೋಷಣೆ ಸಂಸ್ಥೆಯವರು ಟ್ಯಾನಿನ್ ಇರುವ, ಅಂದರೆ ಒಗರು ರುಚಿಯ ಗಿಡಗಳಿಂದ ‘ಹರಿತ್ ಧಾರಾ’ ಎಂಬ ಮೇವಿನ ಪುಡಿ ಮಾಡಿದ್ದಾರೆ. ಅದನ್ನು ಕೊಟ್ಟರೆ ಮೀಥೇನ್ ನೂರಕ್ಕೆ 17ರಿಂದ 20ರಷ್ಟು ಇಳಿಯುತ್ತದೆ ಅಂತ 2021ರಲ್ಲಿ ಹೇಳಿದರು. ಹೊಟ್ಟೆಯಲ್ಲಿ ಅನಿಲವಾಗಿ ಹೋಗುತ್ತಿದ್ದ ಶಕ್ತಿ ಸ್ವಲ್ಪ ಹಾಲಿಗೆ ತಿರುಗುತ್ತದೆ ಅನ್ನುವುದು ಅದರ ಆಕರ್ಷಣೆ. ಹುಲ್ಲು, ಹಿಂಡಿ, ಬೂಸಾ, ಖನಿಜ ಪುಡಿ ಇವನ್ನು ಹಸುವಿಗೆ ತಕ್ಕಂತೆ ಅಳೆದು ಕೊಡುವ ಕೆಲಸವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಮಾಡಿದೆ. ಲೀಟರ್ ಹಾಲಿಗೆ ಬೀಳುವ ಮೀಥೇನ್ ಇದರಿಂದ ಇಳಿಯುತ್ತದೆ. ಇಲ್ಲಿ ಲೀಟರಿನ ಲೆಕ್ಕವೋ, ತಲೆಯ ಲೆಕ್ಕವೋ ಅನ್ನುವ ಜಗಳ ಬೇರೆ ಇದೆ. ಸೀಮೆ ಹಸು ಹೆಚ್ಚು ತಿಂದು ಹೆಚ್ಚು ತೇಗುತ್ತದೆ, ಆದರೆ ಒಂದೊಂದು ಲೀಟರಿಗೆ ಹಂಚಿದರೆ ಅದರ ಪಾಲು ಕಡಿಮೆ. ನಾಟಿ ಹಸು ತಲೆಗೆ ಕಡಿಮೆ, ಲೀಟರಿಗೆ ಹೆಚ್ಚು. ನಾಟಿ ಹಸುವಿನ ಪರ ಇದ್ದವರು ಒಂದು ಅಂಕಿ ಹಿಡಿದುಕೊಂಡರೆ ಸೀಮೆ ಹಸುವಿನವರು ಇನ್ನೊಂದು ಹಿಡಿದುಕೊಳ್ಳುತ್ತಾರೆ. ಉಳುವ, ಗೊಬ್ಬರ ಕೊಡುವ, ಕಷ್ಟಕ್ಕೆ ಮಾರಿಕೊಳ್ಳುವ ಎತ್ತಿನ ಮೀಥೇನನ್ನು ಯಾವ ಲೀಟರಿಗೆ ಹಂಚಬೇಕು ಅಂತ ಇಬ್ಬರೂ ಹೇಳುವುದಿಲ್ಲ. 2021ರಲ್ಲಿ ಗ್ಲಾಸ್ಗೊ ಸಮ್ಮೇಳನದ ಹೊತ್ತಿಗೆ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಇಳಿಸುವ ಪ್ರತಿಜ್ಞೆ ಮಾಡಿದಾಗ ಭಾರತ ಸೇರಲಿಲ್ಲ. ನಮ್ಮ ಮೀಥೇನ್ ಸಣ್ಣ ರೈತನ ದನ ಮತ್ತು ಭತ್ತದ ಗದ್ದೆಯಿಂದ ಬರುವಂಥದ್ದು, ಕಾರ್ಖಾನೆಯ ಹೊಗೆಗೆ ಇದನ್ನು ಹೋಲಿಸಬೇಡಿ ಅನ್ನುವ ವಾದ. ನನ್ನ ಮಟ್ಟಿಗೆ ಆ ವಾದದಲ್ಲಿ ಹುರುಳಿದೆ.

ಹಿತ್ತಲಿನ ಗುಂಡಿಗೆ ಕೊನೆಯ ಪೆಟ್ಟು ಕೊಟ್ಟದ್ದು ಗ್ಯಾಸ್ ಸಿಲಿಂಡರ್. 2016ರಲ್ಲಿ ಉಜ್ವಲಾ ಬಂತು, ಬಡವರ ಮನೆಗೂ ಕೆಂಪು ಸಿಲಿಂಡರ್ ಬಂತು. ಅದಕ್ಕೂ ಮೊದಲೇ ಟ್ರ್ಯಾಕ್ಟರ್ ಬಂದು ಎತ್ತುಗಳು ಹೋಗಿದ್ದವು. 2012ರಿಂದ 2019ರ ದನಗಣತಿಯ ನಡುವೆ ದೇಶದ ನಾಟಿ ದನಗಳು ನೂರಕ್ಕೆ ಆರರಷ್ಟು ಇಳಿದವು. ಸಿಲಿಂಡರ್ ಬಂದದ್ದನ್ನು ಯಾವ ಹೆಂಗಸೂ ದೂರುವುದಿಲ್ಲ, ದೂರಬೇಕಾಗಿಯೂ ಇಲ್ಲ. ಬೆಳಗಾಗೆದ್ದು 50 ಕಿಲೋ ಸಗಣಿ ಕದಡುವುದು ಯಾರಿಗೂ ಇಷ್ಟದ ಕೆಲಸವಲ್ಲ.

2018ರ ಬಜೆಟ್ಟಿನಲ್ಲಿ ‘ಗೋಬರ್‌ಧನ್’ ಅಂತ ಹೊಸ ಹೆಸರಿನಲ್ಲಿ ಸಗಣಿ ಮತ್ತೆ ದೆಹಲಿಯ ಕಡತಕ್ಕೆ ಬಂತು. ಅದೇ ವರ್ಷ ಸಗಣಿ, ಕಸ, ಕಬ್ಬಿನ ಮಡ್ಡಿ ಇವುಗಳಿಂದ ವಾಹನಕ್ಕೆ ಹಾಕುವ ಅನಿಲ ತಯಾರಿಸುವ 5,000 ದೊಡ್ಡ ಸ್ಥಾವರಗಳ ಗುರಿ ಇಟ್ಟರು. 2023–24ರ ಗಡುವು ಮುಗಿದಾಗ ಆ ಗುರಿಯ ಹತ್ತಿರಕ್ಕೂ ಹೋಗಿರಲಿಲ್ಲ. ಗುಜರಾತಿನ ಆಣಂದ್ ಜಿಲ್ಲೆಯ ಜಕರಿಯಾಪುರ ಎಂಬ ಊರಲ್ಲಿ ಡೈರಿ ಮಂಡಳಿಯವರು ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಮನೆಮನೆಗೂ ಸಣ್ಣ ಗುಂಡಿ, ಹೊರಬಂದ ಬಗ್ಗಡವನ್ನು ಹೆಂಗಸರ ಸಂಘ ಕೊಂಡು ಮಾರುತ್ತದೆ. ಅಲ್ಲಿನವರಿಗೆ ಗ್ಯಾಸಿಗಿಂತ ಬಗ್ಗಡದ ದುಡ್ಡೇ ಹೆಚ್ಚು ಮುಖ್ಯ. 1939ರ ದೆಹಲಿಯ ಗೊಬ್ಬರದ ಯೋಚನೆ ಸುತ್ತು ಹೊಡೆದು ಅಲ್ಲಿಗೇ ಬಂದು ನಿಂತಿದೆ.

ನಮ್ಮ ಸೀಮೆಯಲ್ಲಿ ಇದು ನಡೆಯುತ್ತದೆಯೇ ಅಂತ ಕೇಳುವವರಿಗೆ ಇನ್ನೊಂದು ಲೆಕ್ಕ ಕೊಡಬೇಕು. ಗುಂಡಿಗೆ ಸಗಣಿ ಎಷ್ಟೋ ನೀರೂ ಅಷ್ಟು. 50 ಕಿಲೋ ಸಗಣಿಗೆ 50 ಲೀಟರ್ ನೀರು, ಪ್ರತಿದಿನ. 2022ರವರೆಗೆ ಮಡಕಶಿರಾ ಇದ್ದ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ 550 ಮಿಲಿಮೀಟರಿನಷ್ಟು ಮಳೆ. ಶಿರಸಿಯ ಮಾದರಿಯನ್ನು ಇಲ್ಲಿ ಹಾಗೇ ತಂದು ಇಟ್ಟರೆ ಬೇಸಿಗೆಯಲ್ಲಿ ಟ್ಯಾಂಕರಿನ ನೀರಿಗೆ ಕೊಡಗಳ ಸಾಲಿನಲ್ಲಿ ನಿಂತ ಹೆಂಗಸು ಇನ್ನೂ ನಾಲ್ಕು ಕೊಡ ಹೆಚ್ಚಿಗೆ ಹಿಡಿಯಬೇಕು, ಅದೂ ಗುಂಡಿಗೆ ಸುರಿಯಲು. ಕೊಟ್ಟಿಗೆ ತೊಳೆದ ನೀರು, ಗಂಜಲ, ಪಾತ್ರೆ ತೊಳೆದ ನೀರನ್ನು (ಸೋಪು ಬೆರೆಯದ್ದು) ಕೂಡಿಸಿ ಬಳಸುವ ಮನೆಗಳು ನಮ್ಮ ಕಡೆ ಕೆಲವಿವೆ. ಇವತ್ತಿಗೂ ಉರಿಯುತ್ತಿರುವ ಗುಂಡಿ ಹುಡುಕಿಕೊಂಡು ಹೋದರೆ ಸಿಗುವುದು ಅಂಥ ಮನೆಗಳಲ್ಲೇ.